200 ಬಳಕೆದಾರರು, ಎರರ್ ಸೊನ್ನೆ: ಟೆಸ್ಟಿನಲ್ಲಿ ಪಾಸಾದ ಅಡಿಕೆ ಸೈಟು ಟೆಂಡರ್ ದಿನ ಬಿದ್ದದ್ದು ಯಾಕೆ

ಶಿವಮೊಗ್ಗದ ಒಂದು ಅಡಿಕೆ ಬೆಳೆಗಾರರ ಸಂಘದ ಪ್ರಕರಣ ಇದು. ಹೆಸರು ಬೇಡ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಸದಸ್ಯರು ಅಡಿಕೆ ತಂದು ಇಲ್ಲಿ ಹಾಕುತ್ತಾರೆ. ಮೂಟೆಗಳನ್ನು ಲಾಟ್ ಮಾಡಿ ಇಡುತ್ತಾರೆ, ವ್ಯಾಪಾರಿಗಳು ಟೆಂಡರ್ ಬರೆಯುತ್ತಾರೆ, ಮಧ್ಯಾಹ್ನದ ಮೇಲೆ ಟೆಂಡರ್ ತೆರೆಯುತ್ತಾರೆ. ಅಡಿಕೆಯ ದರ್ಜೆಗಳಾದ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಸರಕಿಗೆ, ಗೊರಬಲಿಗೆ ಎಷ್ಟು ಅಂತ ಆಗ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನನ್ನ ಲಾಟಿಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತದೆ. ವರ್ಷದ ದುಡಿಮೆ ಆ ಒಂದು ಅಂಕಿಯಲ್ಲಿ ಇರುತ್ತದೆ. ಹಾಗಾಗಿ ಯಾರೂ ಸಂಜೆ ನೋಡಿದರಾಯಿತು ಅಂತ ಬಿಡುವುದಿಲ್ಲ.

ಸಂಘ ಒಂದು ಸೈಟು ಮಾಡಿಸಿತ್ತು. ಸದಸ್ಯರು ಲಾಗಿನ್ ಆಗಿ ತಮ್ಮ ಲಾಟಿನ ದರ, ತೂಕ, ಪಟ್ಟಿ ನೋಡಬಹುದು. ದರ ಏರಿಸಿದ ಕೂಡಲೇ ಎಲ್ಲರಿಗೂ ಒಂದೇ ಸಲ ಎಸ್ಎಂಎಸ್ ಹೋಗುತ್ತದೆ. ಸದಸ್ಯರು ಸುಮಾರು 6,000. ಸುಗ್ಗಿ ಜೋರಾದಾಗ ಒಂದು ಟೆಂಡರ್ ದಿನ ಎಸ್ಎಂಎಸ್ ಹೋಗಿ ಒಂದೇ ನಿಮಿಷಕ್ಕೆ ಸೈಟು ನಿಂತಿತು. ಅರ್ಧ ಗಂಟೆ ಏನೂ ತೆರೆಯಲಿಲ್ಲ. ಕಚೇರಿಯ ಫೋನು ಮಾತ್ರ ನಿಲ್ಲಲಿಲ್ಲ.

ಸಂಘದ ಕಾರ್ಯದರ್ಶಿ ಸೈಟು ನೋಡಿಕೊಳ್ಳುವ ಹುಡುಗನಿಗೆ ಕೇಳಿದ್ದು ಇಷ್ಟೇ: “ಎಂತ ಮಾರಾಯಾ, ಟೆಸ್ಟ್ ಮಾಡಿದಾಗ ಎಲ್ಲ ಸರಿ ಇತ್ತಲ್ಲ? ಮತ್ತೆ ಎಂತಕ್ಕೆ ಬಿತ್ತು?”

ಆ ಪ್ರಶ್ನೆ ಸರಿಯಾಗಿಯೇ ಇತ್ತು. ಸುಗ್ಗಿಗೆ ಮುಂಚೆ ಲೋಡ್ ಟೆಸ್ಟ್ (ಬಹಳ ಜನ ಒಟ್ಟಿಗೆ ಬಂದರೆ ಸೈಟು ತಡೆಯುತ್ತದೋ ಅಂತ ನೋಡುವ ಪರೀಕ್ಷೆ) ಆಗಿತ್ತು, ವರದಿಯೂ ಇತ್ತು. ನಾನು ಆ ಹುಡುಗನ ಜೊತೆ ಕೂತು ಮೊದಲು ನೋಡಿದ್ದು ಆ ವರದಿಯನ್ನೇ.

ವರದಿಯಲ್ಲಿ ಏನಿತ್ತು

ಜೆಮೀಟರ್ ಎಂಬ ಸಾಧನ ಬಳಸಿ ಟೆಸ್ಟ್ ಮಾಡಿದ್ದರು. ಮೂರು ಸಾಲು ಸಾಕು. 50 ಬಳಕೆದಾರರು: ಸೆಕೆಂಡಿಗೆ 50 ರಿಕ್ವೆಸ್ಟ್ (ಪೇಜು ಕೊಡು ಅಂತ ಸರ್ವರಿಗೆ ಹೋಗುವ ಕೋರಿಕೆ), ಉತ್ತರಕ್ಕೆ 1 ಸೆಕೆಂಡು. 100 ಬಳಕೆದಾರರು: ಸೆಕೆಂಡಿಗೆ 50 ರಿಕ್ವೆಸ್ಟ್, 2 ಸೆಕೆಂಡು. 200 ಬಳಕೆದಾರರು: ಸೆಕೆಂಡಿಗೆ 50 ರಿಕ್ವೆಸ್ಟ್, 4 ಸೆಕೆಂಡು. ಮೂರರಲ್ಲೂ ಎರರ್ ಸೊನ್ನೆ. ಕೆಳಗೆ ಒಂದು ವಾಕ್ಯ: ಜನ ಜಾಸ್ತಿಯಾದರೆ ಸೈಟು ನಿಧಾನವಾಗುತ್ತದೆ, ಆದರೆ ಬೀಳುವುದಿಲ್ಲ.

ಮಧ್ಯದ ಅಂಕಿಯನ್ನು ಇನ್ನೊಮ್ಮೆ ನೋಡಿ. ಬಳಕೆದಾರರು ನಾಲ್ಕು ಪಟ್ಟಾದರೂ ರಿಕ್ವೆಸ್ಟಿನ ವೇಗ 50ರಿಂದ ಕದಲಲಿಲ್ಲ. ಅಂದರೆ ಟೆಸ್ಟ್ ಎಷ್ಟೇ ಒತ್ತಿದರೂ ವೇಗ ಎಷ್ಟು ಅಂತ ತೀರ್ಮಾನ ಮಾಡುತ್ತಿದ್ದದ್ದು ಟೆಸ್ಟ್ ಅಲ್ಲ, ಸರ್ವರ್. ಇಡೀ ಪ್ರಕರಣದ ಬೇರು ಇಲ್ಲೇ ಇದೆ.

ಜೆಮೀಟರಿನ ಮಾಮೂಲಿ ಥ್ರೆಡ್ ಗ್ರೂಪಿನಲ್ಲಿ ಒಂದು ಥ್ರೆಡ್ ಅಂದರೆ ಒಬ್ಬ ಬಳಕೆದಾರ. ಆತ ಒಂದು ರಿಕ್ವೆಸ್ಟ್ ಕಳಿಸುತ್ತಾನೆ, ಉತ್ತರ ಬರುವ ತನಕ ಕಾಯುತ್ತಾನೆ, ಆಮೇಲೆ ಇನ್ನೊಂದು ಕಳಿಸುತ್ತಾನೆ. ಸರ್ವರ್ ತಡ ಮಾಡಿದರೆ ಆತನೂ ತಡ ಮಾಡುತ್ತಾನೆ. 200 ಥ್ರೆಡ್ ಇದ್ದರೆ ಯಾವ ಕ್ಷಣದಲ್ಲೂ ಸರ್ವರಿನ ಒಳಗೆ ಇರುವ ರಿಕ್ವೆಸ್ಟ್ 200 ದಾಟುವುದೇ ಇಲ್ಲ. ಇದಕ್ಕೆ ಮುಚ್ಚಿದ ಮಾದರಿ ಅನ್ನುತ್ತಾರೆ. ತೂಕದ ಕಾಂಟಾ ಮುಂದೆ ಅದೇ 200 ಲಾರಿ ಸುತ್ತಿ ಸುತ್ತಿ ಬಂದ ಹಾಗೆ: ಒಂದು ಹೊರಗೆ ಹೋದರೆ ಮಾತ್ರ ಇನ್ನೊಂದು ಒಳಗೆ, ಸಾಲು ಅದಕ್ಕಿಂತ ಉದ್ದ ಆಗುವುದು ಸಾಧ್ಯವೇ ಇಲ್ಲ.

ಟೆಂಡರ್ ದಿನ ಹಾಗಿರುವುದಿಲ್ಲ. ತೀರ್ಥಹಳ್ಳಿಯಲ್ಲಿ ಒಬ್ಬರಿಗೆ ಪೇಜು ತೆರೆಯದೆ ಚಕ್ರ ತಿರುಗುತ್ತಿದೆ ಅಂತ ಹೊಸನಗರದವರಿಗೆ ಹೇಗೆ ಗೊತ್ತಾಗಬೇಕು? ಎಸ್ಎಂಎಸ್ ಬಂತು, ಒತ್ತಿದರು, ಅಷ್ಟೆ. ಸರ್ವರ್ ಸುಸ್ತಾಗಿದೆ ಅಂತ ಬರುವವರು ನಿಲ್ಲುವುದಿಲ್ಲ. ಇದು ತೆರೆದ ಮಾದರಿ. ಕಾರ್ನೆಗಿ ಮೆಲನ್‌ನ ಸಂಶೋಧಕರು 2006ರಲ್ಲೇ ತೋರಿಸಿದ್ದರು: ಅದೇ ಸರ್ವರ್, ಅದೇ ಕೆಲಸ ಇದ್ದರೂ ತೆರೆದ ಮಾದರಿಯಲ್ಲಿ ಅಳೆದಾಗ ಮತ್ತು ಮುಚ್ಚಿದ ಮಾದರಿಯಲ್ಲಿ ಅಳೆದಾಗ ಕಾಯುವ ಸಮಯದಲ್ಲಿ ಭಾರಿ ವ್ಯತ್ಯಾಸ ಬರುತ್ತದೆ. ಇಷ್ಟು ವರ್ಷ ಆದರೂ ಬಹಳಷ್ಟು ಟೆಸ್ಟುಗಳು “ಎಷ್ಟು ಬಳಕೆದಾರರು” ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತವೆ. “ಸೆಕೆಂಡಿಗೆ ಎಷ್ಟು ಮಂದಿ ಬಾಗಿಲಿಗೆ ಬರುತ್ತಾರೆ” ಅಂತ ಮೊದಲು ಕೇಳಬೇಕು.

ಬಿದ್ದ ದಿನದ ಲೆಕ್ಕ

50 ಎಂಬ ಅಂಕಿ ಎಲ್ಲಿಂದ ಬಂತು? ಸೈಟು ಪಿಎಚ್‌ಪಿ ಭಾಷೆಯಲ್ಲಿತ್ತು, ಮುಂದೆ ರಿಕ್ವೆಸ್ಟ್ ತೆಗೆದುಕೊಳ್ಳುವ ಎಂಜಿನ್‌ಎಕ್ಸ್, ಹಿಂದೆ ಮಾಹಿತಿ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್. ಪಿಎಚ್‌ಪಿಯನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ 20 ವರ್ಕರ್ ಇದ್ದವು, ಒಂದೊಂದೂ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡುತ್ತದೆ. ಒಂದು ರಿಕ್ವೆಸ್ಟಿಗೆ ಸರಾಸರಿ 0.4 ಸೆಕೆಂಡು. 20ನ್ನು 0.4ರಿಂದ ಭಾಗಿಸಿದರೆ 50. ಇದರ ಹಿಂದಿರುವುದು 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ: ಒಳಗೆ ಇರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಳಗೆ ಕಳೆಯುವ ಸಮಯ. ಲೋಡ್ ಟೆಸ್ಟ್ ಮಾಡುವವರು ಈ ಒಂದು ಲೆಕ್ಕವನ್ನು ಕೈಬೆರಳ ಮೇಲೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಹಳೆಯ ವರದಿಯ ಮೂರೂ ಸಾಲು ಇದಕ್ಕೆ ಸರಿಯಾಗಿ ಹೊಂದುತ್ತವೆ: 50 ಗುಣಿಸು 4 ಸೆಕೆಂಡು, 200.

ಇನ್ನು ಬರುವವರ ವೇಗ. 6,000 ಜನರಲ್ಲಿ ಅರ್ಧದಷ್ಟು ಮಂದಿ ಮೊದಲ 5 ನಿಮಿಷದಲ್ಲೇ ಬರುತ್ತಾರೆ ಅಂತ ಹಿಂದಿನ ಟೆಂಡರ್ ದಿನಗಳ ಲಾಗ್ (ಸರ್ವರ್ ಬರೆದಿಡುವ ದಾಖಲೆ) ಹೇಳುತ್ತಿತ್ತು. 3,000 ಭೇಟಿ, 300 ಸೆಕೆಂಡು, ಸೆಕೆಂಡಿಗೆ 10 ಭೇಟಿ. ಒಂದು ಭೇಟಿಗೆ ಪಿಎಚ್‌ಪಿ ತನಕ ಹೋಗುವ ರಿಕ್ವೆಸ್ಟ್ 4: ಲಾಗಿನ್, ಮುಖಪುಟ, ಲಾಟ್ ಪಟ್ಟಿ, ರಸೀದಿ. ಸೆಕೆಂಡಿಗೆ 40 ಆಯಿತು. ಸರ್ವರಿನ ತಾಕತ್ತು 50. ಹಾಗಾದರೆ ಬೀಳಬಾರದಿತ್ತು, ಅಲ್ವಾ?

ಇಲ್ಲೇ ಲಾಗನ್ನು ನಿಧಾನವಾಗಿ ಓದಬೇಕಾಯಿತು. ಎಂಜಿನ್‌ಎಕ್ಸ್ ಲಾಗಿನಲ್ಲಿ ಬರೆಯುವ ಸಮಯ ರಿಕ್ವೆಸ್ಟ್ ಬಂದ ಸಮಯ ಅಲ್ಲ, ಅದು ಮುಗಿದ ಸಮಯ. ಸರ್ವರ್ ಚುರುಕಾಗಿರುವಾಗ ಎರಡಕ್ಕೂ ವ್ಯತ್ಯಾಸ ಇಲ್ಲ. ಸರ್ವರ್ ಒದ್ದಾಡುವಾಗ 10 ಸೆಕೆಂಡು ಕಾದ ರಿಕ್ವೆಸ್ಟ್ 10 ಸೆಕೆಂಡು ಆಚೆಗೆ ದಾಖಲಾಗುತ್ತದೆ. ಹಾಗೆಯೇ ಎಣಿಸಿದರೆ ಬಿದ್ದ ದಿನವೂ ಸೆಕೆಂಡಿಗೆ 50ರ ಆಸುಪಾಸಿನ ಚಪ್ಪಟೆ ಗೆರೆಯೇ ಕಾಣುತ್ತದೆ, ಯಾಕೆಂದರೆ ಹೊರಗೆ ಹೋಗುವ ವೇಗ ಅಷ್ಟೇ. ಪುಣ್ಯಕ್ಕೆ ಆ ಹುಡುಗ ಲಾಗಿನ ನಮೂನೆಯಲ್ಲಿ ಒಂದೊಂದು ರಿಕ್ವೆಸ್ಟಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಸೇರಿಸಿಟ್ಟಿದ್ದ. ಮಾಮೂಲಿ ನಮೂನೆಯಲ್ಲಿ ಅದು ಇರುವುದಿಲ್ಲ. ಮುಗಿದ ಸಮಯದಿಂದ ಅದನ್ನು ಕಳೆದು ಮತ್ತೆ ಎಣಿಸಿದೆವು. ಮೊದಲ ಎರಡು ನಿಮಿಷ ಸೆಕೆಂಡಿಗೆ 60 ಬಂದಿತ್ತು. ಆಮೇಲೆ ಇಳಿದಿತ್ತು. 5 ನಿಮಿಷದ ಸರಾಸರಿ ಹಿಡಿದವರಿಗೆ 40 ಕಾಣುತ್ತದೆ, ಎಸ್ಎಂಎಸ್ ಹೋದ ಕ್ಷಣ ಹಿಡಿದವರಿಗೆ 60 ಕಾಣುತ್ತದೆ.

60 ಬರುತ್ತದೆ, 50 ಹೋಗುತ್ತದೆ. ಸೆಕೆಂಡಿಗೆ 10 ಉಳಿಯುತ್ತದೆ. ಪಿಎಚ್‌ಪಿ-ಎಫ್‌ಪಿಎಂ ಮುಂದೆ ಕಾಯುವ ಸಾಲಿನ ಮಿತಿ 511. ಯಾರೂ ಬದಲಾಯಿಸದಿದ್ದರೆ ಲಿನಕ್ಸಿನಲ್ಲಿ ಅದು ಅಷ್ಟೇ ಇರುತ್ತದೆ. ಸುಮಾರು 51 ಸೆಕೆಂಡಿಗೆ ಸಾಲು ತುಂಬಿತು. ಆ ಹೊತ್ತಿಗೆ ಸಾಲಿನ ಕೊನೆಯವರು 10 ಸೆಕೆಂಡು ಕಾಯುತ್ತಿದ್ದರು. ಅಲ್ಲಿಂದ ಮುಂದೆ ಬಂದವರಿಗೆ 502, ಅಂದರೆ ಹಿಂದಿನಿಂದ ಉತ್ತರ ಸಿಗಲಿಲ್ಲ ಎಂಬ ಎರರ್. ಲಾಗಿನಲ್ಲಿ 502ಗಳ ನಡುವೆ 499 ಕೂಡ ರಾಶಿ ರಾಶಿ ಇದ್ದವು. ಕಾದು ಬೇಸತ್ತು ಪೇಜು ಮುಚ್ಚಿದರೆ ಎಂಜಿನ್‌ಎಕ್ಸ್ ಹಾಕುವ ಗುರುತು ಅದು. ಮುಚ್ಚಿದವರು ಸುಮ್ನೆ ಕೂರಲಿಲ್ಲ, ಮತ್ತೆ ತೆರೆದರು. 60 ಇದ್ದದ್ದು ಇನ್ನೂ ಏರಿತು. ಅರ್ಧ ಗಂಟೆಯ ಕಥೆ ಇದು.

ಮುಚ್ಚಿದ ಮಾದರಿಯ ಟೆಸ್ಟಿನಲ್ಲಿ ಇದು ಯಾಕೆ ಕಾಣಲಿಲ್ಲ ಅಂತ ಈಗ ಕೈಬೆರಳಲ್ಲೇ ಹೇಳಬಹುದು. 200 ಬಳಕೆದಾರರಲ್ಲಿ 20 ಮಂದಿ ವರ್ಕರ್ ಹತ್ತಿರ, 180 ಮಂದಿ ಸಾಲಿನಲ್ಲಿ. 511ಕ್ಕೆ ಹೋಗುವ ದಾರಿಯೇ ಇರಲಿಲ್ಲ.

ವೇಗವನ್ನು ಕೈಗೆ ತೆಗೆದುಕೊಳ್ಳುವುದು

ಹಾಗಾದರೆ ಟೆಸ್ಟನ್ನು ಮತ್ತೆ ಕಟ್ಟಬೇಕು, ವೇಗ ನಾವು ಹೇಳಿದಷ್ಟೇ ಇರಬೇಕು. ಜೆಮೀಟರಿನಲ್ಲಿ ಇದಕ್ಕೆ ಮೊದಲು ಕಣ್ಣಿಗೆ ಬೀಳುವುದು ಕಾನ್‌ಸ್ಟಂಟ್ ಥ್ರೂಪುಟ್ ಟೈಮರ್. ಇದರಲ್ಲಿ ಎರಡು ವಿಷಯ ತಿಳಿದಿರಬೇಕು. ಒಂದು, ಅದು ಕೇಳುವುದು ನಿಮಿಷದ ಲೆಕ್ಕ, ಸೆಕೆಂಡಿನದ್ದಲ್ಲ. 60 ಅಂತ ಬರೆದರೆ ಸೆಕೆಂಡಿಗೆ ಒಂದೇ ರಿಕ್ವೆಸ್ಟ್ ಹೋಗುತ್ತದೆ. ನಮಗೆ ಬೇಕಾದ ವೇಗಕ್ಕೆ 3,600 ಬರೆಯಬೇಕು. ಎರಡು, ಇದೇ ದೊಡ್ಡದು: ಈ ಟೈಮರ್ ಥ್ರೆಡ್ಡುಗಳನ್ನು ತಡೆದು ನಿಲ್ಲಿಸಬಲ್ಲದು, ಮುಂದೆ ತಳ್ಳಲಾರದು. ಎಲ್ಲ ಥ್ರೆಡ್ಡುಗಳೂ ಉತ್ತರಕ್ಕೆ ಕಾಯುತ್ತಾ ಕೂತರೆ ಟೈಮರಿಗೆ ಮಾಡಲು ಏನೂ ಇಲ್ಲ, ವೇಗ ತಾನಾಗಿ ಇಳಿಯುತ್ತದೆ. ಅಂದರೆ ಸರ್ವರ್ ಸುಸ್ತಾದ ಕ್ಷಣದಲ್ಲೇ ನಮ್ಮ ಹಿಡಿತ ತಪ್ಪುತ್ತದೆ. ನಮಗೆ ಹಿಡಿತ ಬೇಕಾದ ಕ್ಷಣವೂ ಅದೇ.

ಥ್ರೆಡ್ ಜಾಸ್ತಿ ಕೊಟ್ಟು ಇದನ್ನು ಸ್ವಲ್ಪ ದೂರ ತಳ್ಳಬಹುದು. ಎಷ್ಟು ಬೇಕು? ಮತ್ತೆ ಲಿಟಲ್ ಲೆಕ್ಕ: ಸರ್ವರ್ ಚೆನ್ನಾಗಿದ್ದಾಗ 60 ಗುಣಿಸು 0.4, 24 ಥ್ರೆಡ್ ಸಾಕು. ಉತ್ತರ 10 ಸೆಕೆಂಡಿಗೆ ಹೋದರೆ 600 ಬೇಕು. 24 ಇಟ್ಟುಕೊಂಡು ಟೆಸ್ಟ್ ಮಾಡಿದವರಿಗೆ ಸೈಟು ಯಾವತ್ತೂ ಬೀಳುವುದಿಲ್ಲ.

ನಾವು ಆರಿಸಿದ್ದು ಓಪನ್ ಮಾಡೆಲ್ ಥ್ರೆಡ್ ಗ್ರೂಪ್. 2022ರಲ್ಲಿ ಬಂದ ಜೆಮೀಟರ್ 5.5ರಿಂದ ಇದು ಜೊತೆಯಲ್ಲೇ ಸಿಗುತ್ತದೆ. ಇದರಲ್ಲಿ ಥ್ರೆಡ್ ಎಷ್ಟು ಅಂತ ಕೇಳುವುದೇ ಇಲ್ಲ. ಯಾವ ವೇಗದಲ್ಲಿ ಬರಬೇಕು, ಎಷ್ಟು ಹೊತ್ತು ಅಂತ ಬರೆದರೆ ಪ್ರತಿ ಆಗಮನಕ್ಕೂ ಹೊಸ ಥ್ರೆಡ್ ಹುಟ್ಟುತ್ತದೆ. ಹಿಂದಿನವರು ಮುಗಿಸಿದರೋ ಇಲ್ಲವೋ ಅಂತ ನೋಡುವುದಿಲ್ಲ. ಆಗಮನಗಳನ್ನು ಗಡಿಯಾರದ ಹಾಗೆ ಸಮ ಅಂತರದಲ್ಲಿ ಕೊಡಬಹುದು, ಅಥವಾ ಅಡ್ಡಾದಿಡ್ಡಿಯಾಗಿ ಕೊಡಬಹುದು. ಅಡ್ಡಾದಿಡ್ಡಿಯೇ ಕೊಡಬೇಕು. ಸರಾಸರಿ 45 ಇದ್ದರೂ ಒಂದು ಸೆಕೆಂಡಿನಲ್ಲಿ 38, ಮುಂದಿನದರಲ್ಲಿ 55 ಬರುವುದು ಜನರ ಸ್ವಭಾವ. ಆ 55ರ ಸೆಕೆಂಡಿನಲ್ಲಿ ಆಗುವ ಸಾಲು ಸಮ ಅಂತರದ ಟೆಸ್ಟಿನಲ್ಲಿ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಇಲ್ಲಿ ಬರೆಯುವ ವೇಗ ರಿಕ್ವೆಸ್ಟಿನದ್ದಲ್ಲ, ಥ್ರೆಡ್ಡಿನದ್ದು. ನಮ್ಮ ಒಂದು ಥ್ರೆಡ್ ಒಂದು ಪೂರ್ತಿ ಭೇಟಿ, ನಾಲ್ಕು ರಿಕ್ವೆಸ್ಟ್. ಹಾಗಾಗಿ 60 ರಿಕ್ವೆಸ್ಟಿಗೆ 15 ಬರೆಯಬೇಕು. 60 ಬರೆದರೆ 240 ಹೋಗುತ್ತದೆ. ಭೇಟಿಯ ಒಳಗೆ ಮಾತ್ರ ಸರದಿ ಇರುತ್ತದೆ: ಲಾಗಿನ್ ಆಗದೆ ಲಾಟ್ ಪಟ್ಟಿ ತೆರೆಯಲಾಗದು. ಬೆಳೆಗಾರರೂ ಹಾಗೇ ತಾನೇ ಮಾಡುವುದು.

ಕೆ6 ಎಂಬ ಇನ್ನೊಂದು ಟೆಸ್ಟ್ ಸಾಧನ ಬಳಸುವವರಿಗೂ ಇದೇ ಸೌಲಭ್ಯ ಇದೆ, ಕಾನ್‌ಸ್ಟಂಟ್ ಅರೈವಲ್ ರೇಟ್ ಅಂತ. ಕಳಿಸಬೇಕಾಗಿದ್ದು ಕಳಿಸಲಾಗದೆ ಹೋದರೆ ಅದನ್ನು ಬೇರೆಯಾಗಿ ಎಣಿಸಿ ತೋರಿಸುತ್ತದೆ. ಆ ಎಣಿಕೆ ಸೊನ್ನೆ ಇಲ್ಲದಿದ್ದರೆ ಉಳಿದ ಅಂಕಿಗಳನ್ನು ನಂಬಬಾರದು. ಜೆಮೀಟರಿನಲ್ಲಿ ನಾವೇ ಎರಡು ಕಾಲಂ ಇಟ್ಟೆವು: ಕೇಳಿದ ವೇಗ, ನಿಜವಾಗಿ ಹೋದ ವೇಗ.

ತಪ್ಪಿಹೋಗುವ ಅಳತೆಗಳು

ಸರ್ವರ್ ನಿಂತಾಗ ಅಳೆಯುವುದೂ ನಿಂತು ಕೆಟ್ಟ ಅಳತೆಗಳೇ ಬಿಟ್ಟುಹೋಗುವ ತೊಂದರೆಗೆ ಗಿಲ್ ಟೀನೆ ಎಂಬ ಎಂಜಿನಿಯರ್ ಕೋಆರ್ಡಿನೇಟೆಡ್ ಒಮಿಷನ್ ಅಂತ ಹೆಸರಿಟ್ಟಿದ್ದಾರೆ. ಡಬ್ಲ್ಯುಆರ್‌ಕೆ2 ಎಂಬ ಸಾಧನ ಅವರು ಮಾಡಿದ್ದೇ ಇದಕ್ಕಾಗಿ. ಲೆಕ್ಕ ಹಾಕಿ ನೋಡಿದರೆ ತಟ್ಟನೆ ಅರ್ಥವಾಗುತ್ತದೆ.

ಒಂದು ಥ್ರೆಡ್, ಸೆಕೆಂಡಿಗೆ 10 ರಿಕ್ವೆಸ್ಟ್, 100 ಸೆಕೆಂಡು ಅಂತ ಇಟ್ಟುಕೊಳ್ಳಿ. 90 ಸೆಕೆಂಡು ಸರ್ವರ್ ಚುರುಕಾಗಿದೆ, 10 ಸೆಕೆಂಡು ಪೂರ್ತಿ ಹೆಪ್ಪುಗಟ್ಟಿದೆ. ಮುಚ್ಚಿದ ಟೆಸ್ಟಿನಲ್ಲಿ 900 ಒಳ್ಳೆಯ ಅಳತೆ ಸಿಗುತ್ತದೆ, ಕೆಟ್ಟದ್ದು ಒಂದೇ ಒಂದು, ಯಾಕೆಂದರೆ ಥ್ರೆಡ್ ಆ 10 ಸೆಕೆಂಡು ಕಾಯುತ್ತಾ ಕೂತಿತ್ತು. 99ನೇ ಪರ್ಸೆಂಟೈಲ್ (100ರಲ್ಲಿ 99 ರಿಕ್ವೆಸ್ಟಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯದ ಸಮಯ) ನೋಡಿದರೆ ಬಹಳ ಚೆನ್ನಾಗಿ ಕಾಣುತ್ತದೆ. ನಿಜದಲ್ಲಿ ಆ 10 ಸೆಕೆಂಡಿನಲ್ಲಿ 100 ಮಂದಿ ಬಂದಿರುತ್ತಿದ್ದರು. ಮೊದಲು ಬಂದವರು 10 ಸೆಕೆಂಡು, ಕೊನೆಗೆ ಬಂದವರು ಚೂರು ಹೊತ್ತು, ಸರಾಸರಿ 5 ಸೆಕೆಂಡು ಕಾಯುತ್ತಿದ್ದರು. ಹಾಗೆ ಅಳೆದರೆ 99ನೇ ಪರ್ಸೆಂಟೈಲ್ 9 ಸೆಕೆಂಡು ಆಗುತ್ತದೆ. ಸರ್ವರ್ ಅದೇ, ಹತ್ತು ಸೆಕೆಂಡಿನ ತೊಂದರೆ ಅದೇ. ಅಳೆಯುವವರು ಸರ್ವರಿನ ಜೊತೆ ತಾವೂ ನಿಂತರೆ ಕೆಟ್ಟ ಅನುಭವಗಳು ಲೆಕ್ಕಕ್ಕೇ ಬರುವುದಿಲ್ಲ. ನನ್ನ ಮಟ್ಟಿಗೆ ಲೋಡ್ ಟೆಸ್ಟಿನಲ್ಲಿ ಇದಕ್ಕಿಂತ ಅಪಾಯದ ವಿಷಯ ಇನ್ನೊಂದಿಲ್ಲ. ಎಲ್ಲೂ ಎರರ್ ಕಾಣುವುದಿಲ್ಲ, ಗ್ರಾಫ್ ಚೆಂದ ಇರುತ್ತದೆ, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ.

ಟೆಸ್ಟ್ ಓಡಿಸಿದಾಗ

ನಿಜವಾದ ಸೈಟಿನ ಮೇಲೆ ಅಲ್ಲ, ಅದರ ನಕಲಿನ ಮೇಲೆ, ಹೋಸ್ಟಿಂಗ್‌ನವರಿಗೆ ಮೊದಲೇ ತಿಳಿಸಿ, ರಾತ್ರಿ ಓಡಿಸಿದೆವು. ರಿಕ್ವೆಸ್ಟ್ ಕಳಿಸುವ ಮೆಷಿನ್ನನ್ನು ಶಿವಮೊಗ್ಗದ ಕಚೇರಿಯಲ್ಲಿ ಇಡಲಿಲ್ಲ. ಇಲ್ಲಿನ ಬ್ರಾಡ್‌ಬ್ಯಾಂಡ್ ಲೈನೇ ಮೊದಲು ತುಂಬಿದರೆ ನಾವು ಅಳೆಯುವುದು ಲೈನನ್ನು, ಸರ್ವರನ್ನಲ್ಲ. ಸರ್ವರ್ ಮುಂಬೈನಲ್ಲಿತ್ತು, ಅಲ್ಲೇ ಒಂದು ಬಾಡಿಗೆ ಮೆಷಿನ್ ಹಿಡಿದೆವು. ಜೆಮೀಟರನ್ನು ಕಿಟಕಿ ತೆರೆದು ಓಡಿಸದೆ ಕಮಾಂಡ್ ಲೈನಿನಿಂದ ಓಡಿಸಿದೆವು.

ಮೊದಲ ಓಟ ಸೆಕೆಂಡಿಗೆ 20. ಉತ್ತರದ ಸರಾಸರಿ ಸಮಯ ನಂಬಲಾಗದಷ್ಟು ಚೆನ್ನಾಗಿತ್ತು. ಹುಡುಗ ಸ್ಟೇಟಸ್ ಕೋಡ್ ತೆರೆದು ತೋರಿಸಿದ: ಅರ್ಧದಷ್ಟು 503, ಅಂದರೆ ಸರ್ವರ್ ತಿರಸ್ಕರಿಸಿದ್ದು. ಎಂಜಿನ್‌ಎಕ್ಸ್‌ನಲ್ಲಿ ಒಂದು ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಸೆಕೆಂಡಿಗೆ 10ಕ್ಕಿಂತ ಜಾಸ್ತಿ ಬಂದರೆ ತಿರಸ್ಕರಿಸು ಅಂತ ಮಿತಿ ಹಾಕಿದ್ದರು. ನಮ್ಮ ರಿಕ್ವೆಸ್ಟೆಲ್ಲ ಒಂದೇ ಐಪಿಯಿಂದ ಹೋಗುತ್ತಿತ್ತು. ತಿರಸ್ಕಾರಕ್ಕೆ ಹೊತ್ತು ಬೇಡ, ಹಾಗಾಗಿ ಸರಾಸರಿ ಇಳಿದಿತ್ತು. ಟೆಸ್ಟ್ ಮೆಷಿನ್ನಿನ ಐಪಿಗೆ ಆ ಮಿತಿಯಿಂದ ವಿನಾಯಿತಿ ಕೊಟ್ಟು ಮುಂದೆ ಹೋದೆವು. ಆದರೆ ಈ ಮಿತಿ ನಿಜವಾದ ಬೆಳೆಗಾರರಿಗೂ ಕಾಟ ಕೊಡುವಂಥದ್ದು. ಮೊಬೈಲ್ ಕಂಪನಿಗಳು ಸಾಕಷ್ಟು ಗಿರಾಕಿಗಳನ್ನು ಒಂದೇ ಐಪಿಯ ಹಿಂದೆ ಕೂರಿಸುತ್ತವೆ. ಸಾಗರದ ಹತ್ತಾರು ಜನ ಸರ್ವರಿಗೆ ಒಬ್ಬರಂತೆ ಕಾಣಬಹುದು. ಲಾಗಿನ್ ಆದ ಮೇಲಿನ ಪೇಜುಗಳಿಗೆ ಮಿತಿಯನ್ನು ಐಪಿ ಬದಲು ಲಾಗಿನ್ ಲೆಕ್ಕದಲ್ಲಿ ಹಾಕಿದ್ದು ಈ ಟೆಸ್ಟಿನಿಂದ ಸಿಕ್ಕ ಮೊದಲ ಲಾಭ.

ಇನ್ನೊಂದು ಸಣ್ಣ ವಿಷಯ, ಆದರೆ ಅಂಕಿ ಕೆಡಿಸುವಂಥದ್ದು. ಎಲ್ಲ ಥ್ರೆಡ್ಡಿಗೂ ಒಂದೇ ಸೆಶನ್ ಕುಕಿ (ಲಾಗಿನ್ ಆದವರ ಗುರುತು) ಕೊಟ್ಟರೆ ಪಿಎಚ್‌ಪಿ ಆ ಸೆಶನ್ ಫೈಲಿಗೆ ಬೀಗ ಹಾಕಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತದೆ. ಹಾಗಾಗಿ ಸಾವಿರಾರು ಪರೀಕ್ಷಾ ಸದಸ್ಯರನ್ನು ಸೃಷ್ಟಿಸಿ, ಸಿಎಸ್‌ವಿ ಫೈಲಿನಿಂದ ಒಂದೊಂದು ಭೇಟಿಗೆ ಒಬ್ಬೊಬ್ಬರನ್ನು ಕೊಟ್ಟೆವು.

ಆಮೇಲೆ ಮೆಟ್ಟಿಲು ಹತ್ತಿದೆವು: 20, 30, 40, 45, 50, 60. ಒಂದೊಂದು ಮೆಟ್ಟಿಲಿನಲ್ಲಿ 5 ನಿಮಿಷ ನಿಲ್ಲಬೇಕು. ಒಂದು ನಿಮಿಷಕ್ಕೆ ಇಳಿದರೆ ಸಾಲು ಬೆಳೆಯುತ್ತಿರುವುದು ಗೊತ್ತಾಗುವುದಿಲ್ಲ. 40ರ ತನಕ ಸಲೀಸು. 45ರಲ್ಲಿ ಬಾಲ ಎದ್ದಿತು, ಅಂದರೆ ಸರಾಸರಿ ಹೆಚ್ಚೇನೂ ಬದಲಾಗದಿದ್ದರೂ 99ನೇ ಪರ್ಸೆಂಟೈಲ್ ಮೇಲೆ ಹೋಗತೊಡಗಿತು. 60ರಲ್ಲಿ ಟೆಂಡರ್ ದಿನ ಆದದ್ದೇ ಕಣ್ಣೆದುರು ಆಯಿತು: ಮೊದಲ ನಿಮಿಷ ಮುಗಿಯುವ ಮುಂಚೆ 502. ಆ ಹುಡುಗನಿಗೆ ಅದನ್ನು ನೋಡಿ ಖುಷಿಯೇ ಆಯಿತು. ಬೇಕಾದಾಗ ಬೀಳಿಸಲು ಬಂದರೆ ತಾನೇ ಸರಿಪಡಿಸಲು ಬರುವುದು.

ಏನು ಬದಲಾಯಿತು

ವರ್ಕರ್ ಸಂಖ್ಯೆ ಜಾಸ್ತಿ ಮಾಡೋಣ ಅನ್ನುವುದು ಎಲ್ಲರ ಮೊದಲ ಮಾತು. ನಾವು ಮೊದಲು 0.4ನ್ನು ನೋಡಿದೆವು. ಲಾಟ್ ಪಟ್ಟಿಯ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಪ್ರತಿ ಸಲ ಆ ವರ್ಷದ ಎಲ್ಲ ಲಾಟನ್ನೂ ಓದುತ್ತಿತ್ತು. ಸದಸ್ಯ ಸಂಖ್ಯೆ ಮತ್ತು ದಿನಾಂಕ ಸೇರಿಸಿ ಒಂದು ಇಂಡೆಕ್ಸ್ (ಬೇಕಾದ ಸಾಲನ್ನು ನೇರ ಹುಡುಕುವ ಸೂಚಿ) ಹಾಕಿದ ಮೇಲೆ ಸರಾಸರಿ 0.1ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ತಾಕತ್ತು 200 ಆಗಬೇಕು. ಅಷ್ಟು ಆಗಲಿಲ್ಲ. 120 ದಾಟಿದ ಮೇಲೆ ಸಿಪಿಯು ತುಂಬಿ ಬಾಲ ಮತ್ತೆ ಎದ್ದಿತು. ಆದರೂ ಬೇಕಾದದ್ದರ ಎರಡು ಪಟ್ಟು ಸಿಕ್ಕಿತ್ತು.

ಇದಕ್ಕಿಂತ ಹೆಚ್ಚು ಚರ್ಚೆ ಆದದ್ದು ಎಸ್ಎಂಎಸ್ ಬಗ್ಗೆ. ಟೆಸ್ಟಿನಲ್ಲಿ ವೇಗ ನಮ್ಮ ಕೈಯಲ್ಲಿದ್ದ ಹಾಗೆ ನಿಜದಲ್ಲೂ ಅರ್ಧ ಸಂಘದ ಕೈಯಲ್ಲೇ ಇದೆ: ಜನ ಬರುವುದು ಎಸ್ಎಂಎಸ್ ಹೋದ ಕೂಡಲೇ. 6,000ವನ್ನು ಒಂದೇ ಸಲ ಕಳಿಸುವ ಬದಲು 1,000ದಂತೆ ಮೂರು ಮೂರು ನಿಮಿಷಕ್ಕೆ ಕಳಿಸಿದರೆ ಶಿಖರವೇ ಚಪ್ಪಟೆಯಾಗುತ್ತದೆ. ಕಾರ್ಯದರ್ಶಿಗೆ ಅನುಮಾನ ಇತ್ತು. “ತೀರ್ಥಹಳ್ಳಿಯವರಿಗೆ ಮೊದಲು, ಹೊಸನಗರದವರಿಗೆ ಆಮೇಲೆ ಅಂದ್ರೆ ಸುಮ್ಮನಿರ್ತಾರನಾ?” ಅವರ ಮಾತು ನ್ಯಾಯವಾದದ್ದು. ತಾಲೂಕಿನ ಲೆಕ್ಕ ಬಿಟ್ಟು ಸದಸ್ಯ ಸಂಖ್ಯೆಯ ಪ್ರಕಾರ ಗುಂಪು ಮಾಡಿ, ಪ್ರತಿ ಟೆಂಡರಿಗೆ ಸರದಿ ಬದಲಾಗುವ ಹಾಗೆ ಮಾಡಿದರು. ಲಾಟಿನ ದರವನ್ನು ಎಸ್ಎಂಎಸ್ ಒಳಗೇ ಹಾಕುವ ಯೋಚನೆಯೂ ಇದೆ. ಹಾಗಾದರೆ ಎಷ್ಟೋ ಜನ ಸೈಟಿಗೆ ಬರುವ ಅಗತ್ಯವೇ ಇಲ್ಲ. ಅದಕ್ಕೆ ಡಿಎಲ್‌ಟಿಯಲ್ಲಿ (ಸಂಸ್ಥೆಗಳ ಎಸ್ಎಂಎಸ್ ನಮೂನೆ ನೋಂದಾಯಿಸುವ ವ್ಯವಸ್ಥೆ) ಹೊಸ ಟೆಂಪ್ಲೇಟ್ ಒಪ್ಪಿಗೆ ಆಗಬೇಕು, ಅರ್ಜಿ ಹಾಕಿದ್ದಾರೆ.

ಗುಂಪಿನಲ್ಲಿ ಎಸ್ಎಂಎಸ್ ಹೋಗುವುದನ್ನೂ ಟೆಸ್ಟಿಗೆ ಸೇರಿಸಿದೆವು: ಮೂರು ನಿಮಿಷಕ್ಕೊಮ್ಮೆ ಏರಿ ಇಳಿಯುವ ವೇಗ. ಅದರ ಜೊತೆಗೆ, ಗುಂಪು ಮಾಡುವುದು ಯಾವತ್ತಾದರೂ ಮರೆತುಹೋದರೆ ಏನಾಗುತ್ತದೆ ಅಂತ ನೋಡಲು ಹಳೆಯ ಒಂದೇ ಸಲದ 60 ಕೂಡ ಉಳಿಸಿಕೊಂಡೆವು. ಎರಡೂ ಪ್ಲಾನ್ ಈಗ ಸೈಟಿನ ಕೋಡ್ ಜೊತೆಗೇ ಇವೆ. ಹೊಸ ಅಡಿಕೆ ಬರುವ ಮುಂಚೆ ಪ್ರತಿ ವರ್ಷ ಓಡಿಸಬೇಕು ಅಂತ ಹುಡುಗ ಬರೆದಿಟ್ಟಿದ್ದಾನೆ, ಯಾಕೆಂದರೆ ಲಾಟ್ ಟೇಬಲ್ ವರ್ಷ ವರ್ಷ ಬೆಳೆಯುತ್ತದೆ, 0.1 ಹಾಗೇ ಇರುತ್ತದೆ ಅನ್ನುವ ಹಾಗಿಲ್ಲ.